ಕಂಟ್ರೋಲರಿಗಾಗಿ ಒಂದು ಪ್ರಾರ್ಥನೆ

ಬಸ್ ನಿಲ್ದಾಣದ ಕಂಟ್ರೋಲರು ಅಂಗಿಯ ಗುಂಡಿ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು, “ಸಂಜೆ ಬೇಗ ಬಾರಯ್ಯ ಮನೆ ಕಡೆ, ಕುರ್ಚಿ ಜೋಡಿಸೋಕೆ ಯಾರೂ ಗತಿಯಿಲ್ಲ” ಎಂದು ಹುಕುಂ ಕೊಟ್ಟು ಹೊರಟುಹೋದ ಮೇಲೂ ಅವನು ಪರದೆಯ ಮುಂದಿನಿಂದ ಏಳಲಿಲ್ಲ. ಪರದೆಯ ಮೇಲೆ ಅವರ ಎದೆ ಹಾಗೇ ಉಳಿದಿತ್ತು. ಮನುಷ್ಯ ಎದ್ದುಹೋದರೂ ಎದೆ ಉಳಿದುಬಿಡುವ ಕೆಲಸ ಇದು. ಇಷ್ಟು ವರ್ಷ ಎಕ್ಸ್‌ರೇ ಕೋಣೆಯಲ್ಲಿ ದುಡಿದರೂ ಅದು ವಿಚಿತ್ರ ಅನ್ನಿಸಿರಲಿಲ್ಲ, ಇವತ್ತು ಅನ್ನಿಸಿತು. ಪಕ್ಕೆಲುಬುಗಳು ಸಾಲಾಗಿದ್ದವು, ಗುಂಡಿಗೆಯ ನೆರಳು ತನ್ನ ಜಾಗದಲ್ಲಿತ್ತು, ಉಸಿರು ತುಂಬಿದ ಎರಡು ಪಕ್ಕವೂ ಕಪ್ಪಗೆ ಚೆನ್ನಾಗಿ ಬಂದಿದ್ದವು. ಬಲಗಡೆ ಮೇಲೆ, ಕೊರಳೆಲುಬಿನ ಸ್ವಲ್ಪ ಕೆಳಗೆ ಮಾತ್ರ, ಗೋಲಿ ಗಾತ್ರದ ಒಂದು ಬಿಳಿ ಮಚ್ಚೆ. ಅದರ ಅಂಚು ನುಣ್ಣಗಿರಲಿಲ್ಲ. ಮೊದಲು ಕಂಡಾಗ ಕೊರಳಿನ ಶಿಲುಬೆಯ ಸರ ತೆಗೆಯುವುದನ್ನು ಮರೆತಿರಬೇಕು ಅಂದುಕೊಂಡ. ಸರ ಮೇಜಿನ ಮೇಲೆ ಕನ್ನಡಕದ ಪಕ್ಕದಲ್ಲೇ ಬಿದ್ದಿತ್ತು. ಆಗಲೇ ಅವನು ಆ ಸುಳ್ಳು ಹೇಳಿದ್ದು. “ಸ್ವಲ್ಪ ಅಲ್ಲಾಡಿಬಿಟ್ರಿ ಸಾರ್, ಇನ್ನೊಂದು ತೆಗೀಬೇಕು, ಪಕ್ಕಕ್ಕೆ ತಿರುಗಿ ನಿಲ್ಲಿ.” “ನಾನಾ? ಅಲ್ಲಾಡೋ ಮನುಷ್ಯನೇನಯ್ಯ ನಾನು?” ಎಂದು ಕಂಟ್ರೋಲರು ಗುಡುಗಿದರು. ಆದರೂ ತಿರುಗಿ ನಿಂತರು. ಪಕ್ಕದಿಂದ ತೆಗೆದದ್ದರಲ್ಲೂ ಅದು ಇತ್ತು.

ಅವನೇನು ಡಾಕ್ಟರಲ್ಲ. ಪಟ ತೆಗೆಯುವುದಷ್ಟೇ ಅವನ ಕೆಲಸ. ಅದನ್ನು ಓದುವ ಡಾಕ್ಟರು ನಾಳೆ ಬೆಳಿಗ್ಗೆ ಬಂದು ನೋಡಿ ಬರೆಯುತ್ತಾರೆ, ಅಲ್ಲಿಯವರೆಗೆ ಇದು ಬರೀ ಒಂದು ಮಚ್ಚೆ. ಯಾವ ಕಾಲದಲ್ಲೋ ಬಂದು ವಾಸಿಯಾದ ಕಾಯಿಲೆಯ ಕಲೆಯಿರಬಹುದು, ಏನೂ ಅಲ್ಲದೆಯೂ ಇರಬಹುದು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡ, ಒಂದೂ ಮನಸ್ಸಿಗೆ ನಾಟಲಿಲ್ಲ. ಇಂಥ ಮಚ್ಚೆಗಳನ್ನು ಅವನು ನೋಡಿಲ್ಲವೇ, ಅವುಗಳ ಒಡೆಯರು ಆಮೇಲೆ ಸಣ್ಣಗಾಗುತ್ತ ಸಣ್ಣಗಾಗುತ್ತ ಮತ್ತೆ ಮತ್ತೆ ಇದೇ ಬಾಗಿಲಿಗೆ ಬಂದದ್ದನ್ನು ನೋಡಿಲ್ಲವೇ. ಆದರೆ ನಿಜ ಹೇಳಬೇಕೆಂದರೆ ಅವನು ಹೆದರಿದ್ದು ಮಚ್ಚೆ ನೋಡಿ ಅಲ್ಲ. ಮಚ್ಚೆ ಕಂಡ ಕೂಡಲೇ, ಅಯ್ಯೋ ಅನ್ನಿಸುವುದಕ್ಕೂ ಮುಂಚೆ, ಎದೆಯೊಳಗೆ ಏನೋ ಒಂದು ಸಿಹಿಯಾಗಿ ಎದ್ದಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅಂತೂ ಸಿಕ್ಕಿದರು ಅನ್ನುವಂಥದ್ದು. ಅದು ಎಲ್ಲಿಂದ ಬಂತೋ ಅಲ್ಲಿಗೇ ಹೋಯಿತು, ಆದರೆ ಬಂದದ್ದನ್ನು ಅವನು ನೋಡಿಬಿಟ್ಟಿದ್ದ. ತಾನು ನೋಡಿದ್ದನ್ನು ಇನ್ನೊಬ್ಬರೂ ನೋಡಿರಬೇಕು ಅನ್ನಿಸಿ ಕತ್ತು ತಿರುಗಿಸಿ ಹಿಂದೆ ನೋಡಿದ. ಹಿಂದೆ ಗೋಡೆಗೆ ತೂಗುಹಾಕಿದ, ಕಿರಣ ತಡೆಯುವ ಸೀಸದ ಅಂಗಿ ಬಿಟ್ಟರೆ ಯಾರೂ ಇರಲಿಲ್ಲ.

ಯಾರೂ ಇರಲಿಲ್ಲ ಅಂದರೆ ನಂಬುವುದು ಹೇಗೆ? ಅವನು ನಂಬಿಕೆಯ ಮನುಷ್ಯ. ಎಲ್ಲ ಕಡೆಯೂ ಒಬ್ಬರು ಇದ್ದಾರೆ ಎಂದು ಚಿಕ್ಕಂದಿನಿಂದ ನಂಬಿದವನು, ಅದನ್ನು ನಾಲ್ಕು ಜನರಿಗೆ ಹೇಳಿ ಧೈರ್ಯ ತುಂಬಿದವನು. ಆ ಮಾತಿಗೆ ಹೆದರಬೇಕಾಗುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಕಂಟ್ರೋಲರು ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು ಬೆನ್ನಿನ ದಾರ ಕಟ್ಟಿಕೊಳ್ಳಲಾರದೆ ಒದ್ದಾಡುತ್ತಿದ್ದಾಗ, ಕಟ್ಟಿಕೊಡುವ ನೆಪದಲ್ಲಿ ತಾನು ಒಂದು ಗಳಿಗೆ ಸುಮ್ಮನೆ ನಿಂತು ನೋಡಿದ್ದು ನೆನಪಾಯಿತು. ಬಸ್ ನಿಲ್ದಾಣದಲ್ಲಿ ಇಪ್ಪತ್ತು ಗಾಡಿಗಳನ್ನು ಒಂದೇ ಕೂಗಿಗೆ ಹೊರಡಿಸುತ್ತಿದ್ದ ಮನುಷ್ಯ, ಚರ್ಚಿನ ಸಭೆಯ ಹಿರಿಯರಲ್ಲೆಲ್ಲ ಹಿರಿಯ, ಸಭಾಪಾಲಕರೇ ಅವರ ಮುಖ ನೋಡಿ ಕೀರ್ತನೆ ಆರಿಸಬೇಕು, ಅಂಥವರ ಬೆನ್ನು ಇಷ್ಟೇನಾ ಅನ್ನುವಷ್ಟು ಸಣ್ಣಗಿತ್ತು. ಬನಿಯನ್ನಿನ ಗುರುತು, ಒಂದೆರಡು ನರೆತ ಕೂದಲು. “ಗದ್ದ ಮೇಲೆತ್ತಿ. ಕೈ ಸೊಂಟಕ್ಕೆ. ಭುಜ ಮುಂದಕ್ಕೆ ತನ್ನಿ, ಇನ್ನೂ ಮುಂದಕ್ಕೆ.” ಅಷ್ಟು ಗಡುಸಾಗಿ ಹೇಳಬೇಕಾಗಿರಲಿಲ್ಲ. “ಉಸಿರು ಎಳಕೊಳ್ಳಿ. ಹಿಡ್ಕೊಳ್ಳಿ.” ಗಾಜಿನ ಹಿಂದೆ ನಿಂತು ಗುಂಡಿ ಒತ್ತಿದ ಮೇಲೂ ಬಿಡಿ ಎಂದು ಹೇಳದೆ ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದ್ದ. ಪಟಕ್ಕೆ ಅದು ಬೇಕಿರಲಿಲ್ಲ. ಕಂಟ್ರೋಲರು ಒಳ್ಳೆಯ ಹುಡುಗನ ಹಾಗೆ ಹಿಡಿದುಕೊಂಡೇ ನಿಂತರು, ಕತ್ತಿನ ನರ ಉಬ್ಬಿತು. ಬಿಡಿ ಎಂದ ಕೂಡಲೇ ಕೆಮ್ಮು ನುಗ್ಗಿಕೊಂಡು ಬಂತು.

ಈ ಕೆಮ್ಮು ಯಾವತ್ತಿನಿಂದ ಎಂದು ಅವನು ಕೇಳಿದ್ದ. ಕೇಳಬಾರದಾಗಿತ್ತು. “ಏನೋ ಒಂದು ತಿಂಗಳಾಯ್ತು ಕಣಯ್ಯ. ನನ್ನ ಹೆಂಡತಿ ಕಾಟ ತಡೀಲಾರದೆ ಬಂದೆ. ಆಯಸ್ಸೆಲ್ಲ ಬಸ್ಸಿನ ಹೊಗೆ ಕುಡಿದ ಎದೆ ಇದು, ಒಳಗೆ ಡೀಸೆಲ್ ಇರುತ್ತೆ, ಬೆಂಕಿಕಡ್ಡಿ ಗೀರಬೇಡ” ಎಂದು ನಕ್ಕರು. ಒಂದು ತಿಂಗಳು. ಆ ಭಾನುವಾರ ಕಳೆದೂ ಸರಿಯಾಗಿ ಅಷ್ಟೇ ಆಗಿತ್ತು. ಆರಾಧನೆ ಮುಗಿದು ಜನ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ, ಅವನು ಆವತ್ತು ಮಾಡಿದ ಪ್ರಾರ್ಥನೆಯ ಬಿಸಿ ಇನ್ನೂ ಎದೆಯಲ್ಲಿರುವಾಗಲೇ, ಕಂಟ್ರೋಲರು ಎಲ್ಲರ ಮುಂದೆ ಅವನ ಹೆಗಲ ಮೇಲೆ ಕೈಹಾಕಿ, “ಏನಯ್ಯ, ದೇವರಿಗೇ ವಾರ್ತೆ ಓದ್ತೀಯಲ್ಲ ನೀನು! ಯಾರಿಗೆ ಜ್ವರ, ಯಾರ ಮಗಳಿಗೆ ಗಂಡು ಗೊತ್ತಾಯ್ತು, ಯಾರ ಬಚ್ಚಲು ಕಟ್ಟಿಕೊಳ್ತು. ಅವನಿಗೆ ಗೊತ್ತಿಲ್ವಾ ಇದೆಲ್ಲ? ಇನ್ಮೇಲೆ ಚಿಕ್ಕದಾಗಿ ಮುಗಿಸು, ಜನಕ್ಕೆ ಹೊಟ್ಟೆ ಹಸಿಯುತ್ತೆ” ಎಂದಿದ್ದರು. ಅಂಗಳಕ್ಕೆ ಅಂಗಳವೇ ನಕ್ಕಿತು. ದರ್ಜಿ ನಕ್ಕ, ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ನಕ್ಕ, ನಗದೆ ಇನ್ನೇನು ಮಾಡುವುದು. ಆದರೆ ತಿರುಗಿ ನೋಡಿದಾಗ ಅವನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು, ಅದು ಕರುಳಿಗೇ ಇಳಿಯಿತು.

ಬೈಯುವುದು ಅವನಿಗೆ ಬಾರದು. ಜಗಳವಂತೂ ಆಗದ ಮಾತು. ಅವನಿಗೆ ಬರುತ್ತಿದ್ದದ್ದು ಒಂದೇ, ಪ್ರಾರ್ಥನೆ. ಆವತ್ತು ಮಧ್ಯಾಹ್ನ ಬಚ್ಚಲಲ್ಲಿ ಮುಖ ತೊಳೆಯುವಾಗ, “ಕರ್ತನೇ, ನಿನ್ನ ದಾಸನಾದ ನಮ್ಮ ಕಂಟ್ರೋಲರನ್ನು ತಗ್ಗಿಸು” ಎಂದ. ಅವರ ಒಳಿತಿಗಾಗಿ ತಗ್ಗಿಸು, ಅವರ ಆತ್ಮದ ರಕ್ಷಣೆಗಾಗಿ ತಗ್ಗಿಸು. ಇದರಲ್ಲಿ ತಪ್ಪೇನಿದೆ? ಇನ್ನೊಬ್ಬರಿಗಾಗಿ ಬೇಡುವುದೇ ಅಲ್ಲವೇ ಅವನ ವ್ರತ, ಗರ್ವಿಷ್ಠರಿಗೆ ದೀನತೆ ಬರಲಿ ಎಂದು ಬೇಡಬೇಕು ಎಂದು ಪಾಲಕರೇ ಹೇಳುವುದಿಲ್ಲವೇ. ಹೀಗೆ ಶುರುವಾದದ್ದು ಬಿಡದೆ ಹಿಡಿಯಿತು. ಹಲ್ಲುಜ್ಜುವಾಗ ತಗ್ಗಿಸು, ಬಸ್ಸಿಗೆ ಕಾಯುವಾಗ ತಗ್ಗಿಸು, ಮೂಳೆ ಮುರಿದವರ ಕಾಲನ್ನು ಎಕ್ಸ್‌ರೇ ಫಲಕದ ಮೇಲೆ ಹದವಾಗಿ ಇಡುವಾಗ ತಗ್ಗಿಸು. ಬೇರೆ ಪ್ರಾರ್ಥನೆಗಳಲ್ಲಿ ಮನಸ್ಸು ಎಲ್ಲೆಲ್ಲೋ ಅಲೆದು ಹೋಗುತ್ತಿತ್ತು, ಇದರಲ್ಲಿ ಮಾತ್ರ ಒಂದು ನಿಮಿಷವೂ ಕದಲುತ್ತಿರಲಿಲ್ಲ. ಇಷ್ಟು ಏಕಾಗ್ರತೆಯಿಂದ ತಾನು ಯಾರಿಗಾಗಿಯೂ ಬೇಡಿರಲಿಲ್ಲವಲ್ಲ ಎಂದು ಒಮ್ಮೆ ಸಂತೋಷವೂ ಆಗಿತ್ತು. ಅಯ್ಯೋ ಪಾಪಿ, ಸಂತೋಷ!

“ಅಣ್ಣಾ, ನಮ್ಮದು ಇನ್ನೂ ಎಷ್ಟು ಹೊತ್ತು?” ಎಂದು ಬಾಗಿಲಲ್ಲಿ ಒಬ್ಬಳು ಮಗುವಿನ ಊದಿದ ಮೊಣಕೈ ಹಿಡಿದುಕೊಂಡು ನಿಂತಿದ್ದಳು. ಅವನು ಪರದೆಯ ಮೇಲಿನ ಎದೆಯನ್ನು ಗಡಿಬಿಡಿಯಲ್ಲಿ ಸರಿಸಿ ಎದ್ದ. ಮನಸ್ಸು ಎಲ್ಲೋ ಇದ್ದದ್ದರಿಂದ ಮಗುವಿನ ಕೈಯನ್ನು ಫಲಕದ ಮೇಲೆ ಇಡುವುದಕ್ಕೆ ಎರಡರಷ್ಟು ಹೊತ್ತು ಹಿಡಿಯಿತು. ಮಗುವಿಗೆ ನೋಯಬಾರದು ಎಂದು ಅಷ್ಟು ಮೆಲ್ಲಗೆ ಹಿಡಿದಿದ್ದಾನೆ ಎಂದುಕೊಂಡಳೋ ಏನೋ, ತಾಯಿ ಕೃತಜ್ಞತೆಯಿಂದ ನೋಡಿದಳು. ಆ ನೋಟ ಚುಚ್ಚಿತು. ಪಟ ಬಂದ ಮೇಲೆ ಎಲ್ಲರ ಹಾಗೆ ಅವಳೂ “ಹೇಗಿದೆ ಅಣ್ಣಾ?” ಎಂದು ಅವನ ಮುಖ ಹುಡುಕಿದಳು. “ಡಾಕ್ಟರು ನೋಡಿ ಹೇಳ್ತಾರಮ್ಮ” ಎಂದು ಅವನು ಇಂಥ ಹೊತ್ತಿಗೆಂದೇ ಇಟ್ಟುಕೊಂಡಿದ್ದ ಮುಖವನ್ನು ಹಾಕಿಕೊಂಡ. ಆ ಮುಖದಲ್ಲಿ ಒಳ್ಳೆಯದೂ ಕೆಟ್ಟದ್ದೂ ಏನೂ ಇರುವುದಿಲ್ಲ. ಅದನ್ನು ಕಲಿಯುವುದಕ್ಕೆ ವರ್ಷಗಳು ಹಿಡಿದಿದ್ದವು. ಸಂಜೆ ಕಂಟ್ರೋಲರ ಮನೆಯಲ್ಲಿ ಅದು ನಿಲ್ಲುತ್ತದೆಯೇ? ಈ ವಾರದ ಮನೆ ಪ್ರಾರ್ಥನೆ ಅವರ ಸರದಿ. ಎಲ್ಲರೂ ಬರುತ್ತಾರೆ, ಹಾಡಾದ ಮೇಲೆ ಎಲ್ಲರೂ ತಮ್ಮ ತಮ್ಮ ಕಷ್ಟ ಹೇಳುತ್ತಾರೆ, ಆಮೇಲೆ ಅವನು ಎಲ್ಲರಿಗಾಗಿ ಬೇಡಬೇಕು. ಕೆಮ್ಮಿನ ಮಾತು ಬಂದೇ ಬರುತ್ತದೆ.

ಮುಖಕ್ಕಿಂತ ಹೆಚ್ಚಾಗಿ ಅವನು ಹೆದರಿದ್ದು ಬಾಯಿಗೆ. ಸಭೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವನು ಪ್ರಾರ್ಥನೆಯಣ್ಣ. ಆ ಹೆಸರನ್ನು ಕೇಳಿದಾಗಲೆಲ್ಲ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ, ಒಳಗೊಳಗೆ ಬೇಕಿತ್ತು. ಕಳೆದ ವರ್ಷ ಬೇಕರಿಯವನ ತಾಯಿ ಹಾಸಿಗೆ ಹಿಡಿದಾಗ, ಅವಳ ಪಟವನ್ನೂ ತೆಗೆದಿದ್ದ ಅವನು, “ಕರ್ತನೇ, ಈ ತಾಯಿಯನ್ನು ನಿನ್ನ ಮಡಿಲಿಗೆ ಒಪ್ಪಿಸುತ್ತೇವೆ” ಎಂದು ಬೇಡಿ ಮನೆಗೆ ಬಂದರೆ, ಬೇಕರಿಯವನು ಅದೇ ಸಂಜೆ ದೂರದ ಊರಿನ ಅಕ್ಕತಂಗಿಯರಿಗೆಲ್ಲ ಫೋನು ಮಾಡಿ ಹೊರಟುಬನ್ನಿ ಎಂದನಂತೆ. ಇದನ್ನು ಹೇಳಿದವಳು ಹೆಂಡತಿ, ಸೊಪ್ಪು ಬಿಡಿಸುತ್ತ. “ನಿಮಗೆ ಗೊತ್ತಿಲ್ವಾ? ನೀವು ಗುಣಪಡಿಸು ಅಂದ್ರೆ ಸಣ್ಣದು. ಬಲ ಕೊಡು ಅಂದ್ರೆ ಸ್ವಲ್ಪ ಕಷ್ಟ. ಮಡಿಲಿಗೆ ಅಂದ್ರೆ ಮುಗೀತು. ಡಾಕ್ಟರು ಬಾಯಿ ಬಿಡದಿದ್ರೂ ನಮ್ಮ ಪ್ರಾರ್ಥನೆಯಣ್ಣನ ಬಾಯಲ್ಲಿ ಬಂದ್ಬಿಡುತ್ತೆ ಅಂತ ಹೆಂಗಸರೆಲ್ಲ ಆಡ್ಕೊಳ್ತಾರೆ.” ಆವತ್ತು ಅವನಿಗೆ ದಿಗಿಲಾಗಬೇಕಿತ್ತು. ರೋಗಿಯ ಗುಟ್ಟು ಹೊರಗೆ ಬಿಡಬಾರದು ಎಂಬ ಕಟ್ಟಳೆಯನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದವನು, ಕೈಮುಗಿದು ಕಣ್ಣುಮುಚ್ಚಿ ಎಲ್ಲವನ್ನೂ ಹೇಳಿಬಿಡುತ್ತಿದ್ದನಲ್ಲ! ಆದರೆ ದಿಗಿಲಾಗಿರಲಿಲ್ಲ. ತನ್ನ ಮಾತಿಗೆ ಇಷ್ಟು ತೂಕವಿದೆಯೇ ಎಂದು ಎದೆಯುಬ್ಬಿತ್ತು. ವಾರ್ತೆ ಓದ್ತೀಯಲ್ಲ ಎಂದ ಕಂಟ್ರೋಲರ ಮಾತು ಅಷ್ಟು ಉರಿದದ್ದಕ್ಕೆ ಕಾರಣ ಬೇರೇನಿಲ್ಲ, ಅದು ನಿಜವಾಗಿತ್ತು.

ಸಂಜೆ ಮನೆಗೆ ಬಂದವನೇ ಚಾಪೆ ಹಾಸಿ ಮಲಗಿಬಿಟ್ಟ. ಹೆಂಡತಿ ಹಣೆ ಮುಟ್ಟಿ ನೋಡಿದಳು.

“ಜ್ವರ ಏನಿಲ್ಲ. ಏಳಿ, ಹೊತ್ತಾಯ್ತು.”

“ನನಗೆ ಆಗ್ತಿಲ್ಲ. ನೀನು ಹೋಗಿ ಬಾ.”

“ಚೆನ್ನಾಗಿದೆ ಕಥೆ! ನಾನು ಹೋಗಿ ಏನು ಮಾಡ್ಲಿ, ಪ್ರಾರ್ಥನೆ ಮಾಡೋರು ನೀವು. ಅದೂ ಅವರ ಮನೇಲಿ. ಹೋಗಲಿಲ್ಲ ಅಂದ್ರೆ, ಇನ್ನೂ ಆ ಮಾತು ಮನಸಲ್ಲಿಟ್ಕೊಂಡಿದಾನೆ ನೋಡಿ ಅಂತಾರೆ.”

“ಯಾವ ಮಾತು?” ಎಂದ ಅವನು, ಗೋಡೆಯ ಕಡೆ ತಿರುಗಿ.

“ಯಾವ ಮಾತು ಅಂತ ನನ್ನ ಕೇಳ್ತೀರಾ? ಆವತ್ತಿನಿಂದ ನನ್ನ ಜೊತೆ ನೆಟ್ಟಗೆ ಎರಡು ಮಾತಾಡಿದೀರಾ ನೀವು? ನಕ್ಕಿದ್ದು ತಪ್ಪಾಯ್ತು ರೀ. ಬಚ್ಚಲು ಅಂದಾಗ ನಗು ಬಂದ್ಬಿಡ್ತು. ಎಷ್ಟು ದಿನ ಅಂತ ಹೀಗೆ?” ಅವಳ ದನಿ ಸಣ್ಣದಾಯಿತು. “ಏನಾಗಿದೆ ನಿಮಗೆ? ಆಸ್ಪತ್ರೇಲಿ ಏನಾದ್ರೂ ಆಯ್ತಾ?”

ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಮಚ್ಚೆಯನ್ನು ಹೇಳಬೇಕು, ಮಚ್ಚೆಯ ಹಿಂದೆ ಪ್ರಾರ್ಥನೆಯನ್ನು ಹೇಳಬೇಕು. ಅವಳು ಏನನ್ನುತ್ತಾಳೆ? ಅಯ್ಯೋ ಹುಚ್ಚಪ್ಪ, ನಿಮ್ಮ ಪ್ರಾರ್ಥನೆಗೆ ಯಾರಿಗಾದರೂ ಕಾಯಿಲೆ ಬರುತ್ತಾ ಅನ್ನುತ್ತಾಳೆ. ನಿಜ, ಹಾಗೆಲ್ಲ ಬರುವುದಿಲ್ಲ, ದೇವರು ಅಂಥವನಲ್ಲ, ಹಾಗಂತ ಬೇರೆ ಯಾರಾದರೂ ಬಂದು ಅತ್ತಿದ್ದರೆ ಅವನೇ ಸಮಾಧಾನ ಹೇಳುತ್ತಿದ್ದ. ಆದರೆ ಹಾಗಾದರೆ ಪ್ರಾರ್ಥನೆಗೆ ಒಳ್ಳೆಯದೂ ಆಗುವುದಿಲ್ಲವಲ್ಲ? ಅವನ ಅಮ್ಮನ ಕಣ್ಣಿಗಾಗಿ ಅವನು ಎಷ್ಟು ಬೇಡಿದ್ದ, ಅಮ್ಮ ಕೊನೆಗೆ ಅವನ ಮುಖವನ್ನು ಕೈಯಿಂದ ಸವರಿ ನೋಡಿ ಸತ್ತಳು. ಅದಕ್ಕೆಲ್ಲ ಕಿವುಡಾದ ದೇವರು ಬಚ್ಚಲಲ್ಲಿ ಹೊಟ್ಟೆಯುರಿಯಿಂದ ಬೇಡಿದ್ದನ್ನು ಕೇಳಿಸಿಕೊಂಡರೇ? ಹಾಗಿರಲಾರದು. ಹಾಗಿದ್ದರೆ? ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಅದೇ ಜಾಗ, ಅದೇ ನಲ್ಲಿ. ಕರ್ತನೇ, ನಾನು ಹೇಳಿದ್ದನ್ನು ಹಿಂದಕ್ಕೆ ತಗೋತೀನಿ ಎಂದ. ಒಮ್ಮೆ ಕೊಟ್ಟ ಅರ್ಜಿಯನ್ನು ವಾಪಸು ಕೇಳುವವನ ಹಾಗೆ ಎರಡೆರಡು ಸಲ ಹೇಳಿದ. ಮಾತು ಒದ್ದೆ ಗೋಡೆಗೆ ಬಡಿದು ನಿಂತಿತು. ತಗ್ಗಿಸು ಎನ್ನುವಾಗ ಇದ್ದ ಆ ಬಿಸಿ ಇದರಲ್ಲಿ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕಂಟ್ರೋಲರ ಮನೆಯ ಮುಂದಿನ ಕೋಣೆಯಲ್ಲಿ ಅವನು ಹೋಗುವ ಹೊತ್ತಿಗೆ ಕುರ್ಚಿಗಳೆಲ್ಲ ಸಾಲಾಗಿದ್ದವು. “ಬಂದ ನೋಡಿ ಕೆಲಸ ಮುಗಿದ ಮೇಲೆ!” ಎಂದು ಕಂಟ್ರೋಲರು ಬಾಗಿಲಲ್ಲೇ ಹಿಡಿದರು. “ನಿನ್ನ ಮುಖ ಯಾಕಯ್ಯ ಹಾಗಿದೆ? ಹೆಂಡತಿ ಊಟ ಹಾಕಿಲ್ವಾ?” ಎಲ್ಲರೂ ನಕ್ಕರು. ಅವನಿಗೆ ಅವರ ಮುಖ ನೋಡಲಾಗಲಿಲ್ಲ, ಅಂಗಿಯ ಮೂರನೆಯ ಗುಂಡಿಯ ಹತ್ತಿರ ನೋಡಿದ. ನೋಡಿದ ಕೂಡಲೇ ಕಣ್ಣು ತಾನಾಗಿ ಬಲಗಡೆ ಮೇಲಕ್ಕೆ ಹೋಯಿತು. ಬಟ್ಟೆ, ಚರ್ಮ, ಪಕ್ಕೆಲುಬು ಎಲ್ಲವನ್ನೂ ದಾಟಿ ಅದು ಅಲ್ಲೇ ಕೂತಿತ್ತು. ಅವನು ಗೋಡೆಯ ಪಕ್ಕದ ಕುರ್ಚಿ ಹಿಡಿದ. ದರ್ಜಿಯ ಮನೆಯವರು, ಬೇಕರಿಯವನು, ಹೆಂಗಸರು ಐದಾರು ಜನ, ಪಾಲಕರು ಬೇರೆ ಊರಿಗೆ ಹೋಗಿದ್ದರಿಂದ ಕಂಟ್ರೋಲರದೇ ಆಡಳಿತ. ಕೀರ್ತನೆಯನ್ನು ಅವರೇ ಎತ್ತಿಕೊಂಡರು. ಶ್ರುತಿಗೂ ಅವರಿಗೂ ಎಂದೂ ಆಗಿಬಂದದ್ದಲ್ಲ, ಆದರೆ ಆ ಗಂಟಲಿನ ಮುಂದೆ ಶ್ರುತಿಯೇ ಅಂಜಿ ಅವರ ಹಿಂದೆ ಬರಬೇಕು. ಎರಡನೆಯ ಚರಣದಲ್ಲಿ ಕೆಮ್ಮು ಬಂತು. ಹಾಡು ನಿಂತಿತು. ಎಲ್ಲರೂ ಪುಸ್ತಕ ನೋಡುತ್ತ ಕಾದರು. ಕಂಟ್ರೋಲರ ಹೆಂಡತಿ ಮಾತ್ರ ಪುಸ್ತಕವನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ, ಅವನನ್ನು ನೋಡಿದಳು. ನೆಟ್ಟಗೆ, ಅವನ ಮುಖವನ್ನು.

ಆಮೇಲೆ ಕಷ್ಟಗಳನ್ನು ಹೇಳಿಕೊಳ್ಳುವ ಹೊತ್ತು. ದರ್ಜಿಯ ಮಗಳ ಪರೀಕ್ಷೆ. ಬೇಕರಿಯವನ ಮೊಣಕಾಲು. ಯಾರದೋ ಬಾಣಂತನ. ಒಂದೊಂದಕ್ಕೂ ಅವನು ತಲೆಯಾಡಿಸುತ್ತ ಹೋದ. ಕೊನೆಗೆ ಕಂಟ್ರೋಲರ ಹೆಂಡತಿ ಮಡಿಲಲ್ಲಿ ಬೆರಳು ಹೆಣೆದುಕೊಂಡು, “ನಮ್ಮನೆಯವರ ಕೆಮ್ಮಿಗೂ ಒಂದು ಮಾತು ಹೇಳಪ್ಪ” ಎಂದಳು.

“ಅದಕ್ಕೆಲ್ಲ ಯಾಕೆ ದೇವರಿಗೆ ತೊಂದರೆ ಕೊಡ್ತೀಯೇ” ಎಂದರು ಕಂಟ್ರೋಲರು.

“ನೀವು ಸುಮ್ನಿರಿ” ಎಂದಳು ಅವಳು. ಅವಳು ಗಂಡನಿಗೆ ಹಾಗೆ ಹೇಳಿದ್ದನ್ನು ಅಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ.

ಎಲ್ಲರೂ ಮೊಣಕಾಲೂರಿದರು. ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಕೆಮ್ಮನ್ನು ನಡುವೆ ಸೇರಿಸಿಬಿಡಬೇಕು, ಪರೀಕ್ಷೆಗೂ ಮೊಣಕಾಲಿಗೂ ನಡುವೆ, ಗುಣಪಡಿಸು ಎಂದು ಹಗುರವಾಗಿ ಹೇಳಿ ನಿಲ್ಲದೆ ಮುಂದಕ್ಕೆ ಹೋಗಿಬಿಡಬೇಕು. ಆದರೆ ಪರೀಕ್ಷೆಗೆ ಬೇಡಿದ, ಮೊಣಕಾಲಿಗೆ ಬೇಡಿದ, ಬಾಣಂತಿಗೆ ಬೇಡಿದ, ನಡುವೆ ಎಲ್ಲೂ ಧೈರ್ಯ ಬರಲಿಲ್ಲ. ಕೊನೆಯಲ್ಲಿ ಅದೊಂದೇ ಉಳಿಯಿತು. ಕೋಣೆಯಲ್ಲಿ ಉಸಿರಾಡುವ ಸದ್ದು ಕಡಿಮೆಯಾದ ಹಾಗಾಯಿತು. ಕಣ್ಣು ಮುಚ್ಚಿದ್ದರೂ ಅವನಿಗೆ ಗೊತ್ತಿತ್ತು, ಕಂಟ್ರೋಲರ ಹೆಂಡತಿ ಕತ್ತು ಮುಂದೆ ಚಾಚಿ ಕಾಯುತ್ತಿದ್ದಾಳೆ. ಗುಣಪಡಿಸು ಎಂದರೆ ಸುಳ್ಳು, ಅವಳಿಗೆ ಹೇಳಿದ ಸುಳ್ಳಲ್ಲ, ಸಾಕ್ಷಾತ್ ದೇವರ ಮುಖಕ್ಕೆ. ಬಲ ಕೊಡು ಎಂದರೆ ಅವಳು ಈಗಲೇ ಇಲ್ಲೇ ಕುಸಿಯುತ್ತಾಳೆ. “ಕರ್ತನೇ” ಎಂದ. “ಕರ್ತನೇ, ನಿನ್ನ ದಾಸನಾದ ನಮ್ಮ ಕಂಟ್ರೋಲರನ್ನು” ಎಂದ, ಅಷ್ಟಾದ ಮೇಲೆ ಅವನ ನಾಲಿಗೆ ಅವನಿಗಾಗಿ ಕಾಯಲಿಲ್ಲ. ಒಂದು ತಿಂಗಳಿಂದ ಬಚ್ಚಲಲ್ಲೂ ಬಸ್ಸಿನಲ್ಲೂ ಓಡಾಡಿದ ದಾರಿ ಅದಕ್ಕೆ ಪಾಠವಾಗಿತ್ತು. “ತಗ್ಗಿಸು” ಎಂದು ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಿತು.

ಯಾರೋ ಕಣ್ಣು ಬಿಟ್ಟರು, ಯಾರದೋ ಬಳೆ ಸದ್ದಾಯಿತು. ಪಕ್ಕದಲ್ಲಿ ಹೆಂಡತಿ “ರೀ” ಎಂದು ಉಸಿರಿನಲ್ಲಿ ಅಂದು ಅವನ ತೋಳು ಹಿಡಿದಳು. ಏನಾದರೂ ಹೇಳಿ ಇದನ್ನು ಮುಚ್ಚಬೇಕು. ತಗ್ಗಿಸು ಅಂದರೆ ಕೆಮ್ಮನ್ನು ತಗ್ಗಿಸು, ಹಾಗೆ ಸೇರಿಸಿದರೆ ಆಯಿತು, ಅಷ್ಟೇ ಸಾಕು, ಎಲ್ಲರೂ ನಂಬುತ್ತಾರೆ. ಬಾಯಿ ತೆರೆದ. ಎಷ್ಟೋ ವರ್ಷಗಳಿಂದ ಒಂದು ದಿನವೂ ಕೈಕೊಡದಿದ್ದ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿತು. ಈ ಮೌನ ಎಷ್ಟು ಬೆಳೆಯುತ್ತದೋ ಅಷ್ಟೂ ಆ ಹೆಂಗಸಿಗೆ ಗೊತ್ತಾಗುತ್ತಿದೆ ಎಂದು ತಿಳಿದೂ ಅವನಿಗೆ ಅದನ್ನು ಒಡೆಯಲಾಗಲಿಲ್ಲ. ಕಂಟ್ರೋಲರ ಹೆಂಡತಿ “ಅಯ್ಯೋ ದೇವರೇ” ಎಂದಳು. ಜೋರಾಗಿ ಅಲ್ಲ. ಏನನ್ನೋ ಮರೆತು ಬಂದದ್ದು ಈಗ ನೆನಪಾಯಿತು ಎನ್ನುವಂತೆ.

“ಯಾರೂ ಕಣ್ಣು ತೆಗೀಬೇಡಿ!” ಎಂದು ಕಂಟ್ರೋಲರು ಗದರಿದರು.

ಕುರ್ಚಿ ಸರಿದ ಸದ್ದು, ಹೆಜ್ಜೆಯ ಸದ್ದು. ಹೊಡೆಯುತ್ತಾರೆ ಅಂದುಕೊಂಡ. ಹೊಡೆಯಲಿ ಅಂದುಕೊಂಡ, ಅದೇ ಒಳ್ಳೆಯದು. ಕುತ್ತಿಗೆ ತಾನಾಗಿ ಒಳಗೆ ಸೇದಿಕೊಂಡಿತು. ಒಂದು ಭಾರವಾದ ಕೈ ಅವನ ನೆತ್ತಿಯ ಮೇಲೆ ಬಿತ್ತು, ಬಿದ್ದು ಅಲ್ಲೇ ಉಳಿಯಿತು. “ದೇವರೇ,” ಎಂದರು ಕಂಟ್ರೋಲರು, ತಡವಾದ ಬಸ್ಸಿನ ಚಾಲಕನನ್ನು ಕೂಗುವ ಅದೇ ದನಿಯಲ್ಲಿ, “ಇವನಿಗೆ ನನ್ನ ಮೇಲೆ ಸಿಟ್ಟಿದೆ. ಇರ್ಲಿ. ನಾನು ಆಡಿದ ಮಾತೂ ಹಾಗೇ ಇತ್ತು. ಬೆಳಿಗ್ಗೆ ಇವನು ನನ್ನ ಪಟ ತೆಗೆದ. ಎರಡು ಸಲ ತೆಗೆದ. ನಾನು ಅಲ್ಲಾಡಿರಲಿಲ್ಲ, ನಿನಗೂ ಗೊತ್ತು, ಇವನಿಗೂ ಗೊತ್ತು. ಅದೇನು ನೋಡಿದನೋ, ಹೇಳೋ ಹಾಗಿಲ್ಲ, ಬಿಡೋ ಹಾಗಿಲ್ಲ, ಬೆಳಿಗ್ಗೆಯಿಂದ ಒಬ್ಬನೇ ಹೊತ್ಕೊಂಡು ಸಾಯ್ತಿದಾನೆ. ಊರವರ ಕಷ್ಟವೆಲ್ಲ ಇವನ ತಲೆ ಮೇಲೆ ಹೇರಿ ಹೇರಿ ಇಟ್ವಿ, ಇವನಿಗಾಗಿ ಒಂದು ದಿನ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.” ಕೆಮ್ಮು ಬಂತು. ಕೈ ಏಳಲಿಲ್ಲ. ಕೆಮ್ಮು ಮುಗಿಯುವವರೆಗೂ ಅವನ ತಲೆ ಆ ಕೈಯ ಜೊತೆ ಕುಲುಕಿತು. “ಅದು ನನ್ನ ಹೊರೆ ಸ್ವಾಮಿ, ಇವನದಲ್ಲ. ಇವನ ಮೇಲಿಂದ ಇಳಿಸಿ ನನಗೆ ಕೊಡು. ಇವನು ತುಂಬಾ ಹೆದರಿದಾನೆ. ಮೊದಲು ಇವನ ಹೆದರಿಕೆ ನೋಡು, ಆಮೇಲೆ ನನ್ನದು ನೋಡಿದ್ರಾಯ್ತು. ಆಮೆನ್.”

ಆಮೆನ್, ಆಮೆನ್ ಎಂದರು ಅಲ್ಲಲ್ಲಿ, ದರ್ಜಿ, ಬೇಕರಿಯವನು, ಅಳುತ್ತಲೇ ಕಂಟ್ರೋಲರ ಹೆಂಡತಿ. ಅವನಿಗೆ ಅನ್ನಲಾಗಲಿಲ್ಲ. ಬೇರೆಯವರ ಬೇಡಿಕೆಗಳಿಗೆಲ್ಲ ತಾನೇ ಮುಂದಾಗಿ ಆ ಪದ ಹೇಳಿ ಮುಗಿಸುತ್ತಿದ್ದವನಿಗೆ, ತನಗಾಗಿ ಒಬ್ಬರು ಬೇಡಿದಾಗ ಅದನ್ನು ಹೇಳುವ ಅಭ್ಯಾಸವೇ ಇರಲಿಲ್ಲ. ಅಷ್ಟೇ ಆಗಿದ್ದರೆ ಹೇಳಬಹುದಿತ್ತು. ಹೇಳಿದರೆ ಒಪ್ಪಿದ ಹಾಗೆ. ಇವನ ಮೇಲಿಂದ ಇಳಿಸಿ ನನಗೆ ಕೊಡು ಎಂದು ಅವರು ಬೇಡಿದ್ದಕ್ಕೆ, ಆಗಲಿ, ಅವರಿಗೇ ಕೊಡು ಎಂದು ಕೈ ಎತ್ತಿದ ಹಾಗೆ. ತನ್ನಂಥವನ ಬಾಯಿಂದ ಬಂದದ್ದು ಎಲ್ಲಿ ಕೇಳಿಸಿಬಿಡುತ್ತದೋ! ಬೇಡ, ಎಂದು ಅವನು ಒಳಗೇ ಕೂಗಿಕೊಂಡ, ಬೇಡ, ಇವರನ್ನು ತಗ್ಗಿಸಬೇಡ. ಈ ಗಂಟಲು ಹೀಗೇ ಇರಲಿ. ಈ ಜಬರ್ದಸ್ತು ಹೀಗೇ ಇರಲಿ, ಅಂಗಳದಲ್ಲಿ ನಿಲ್ಲಿಸಿ ನನ್ನನ್ನು ಭಾನುವಾರ ಭಾನುವಾರ ಆಡಿಕೊಳ್ಳಲಿ. ಇದರಲ್ಲಿ ಆ ಬಿಸಿ ಇತ್ತು. ಆದರೂ ಹೆದರಿಕೆ ಹೋಗಲಿಲ್ಲ.

“ನಿನ್ನದು ಬರಲಿಲ್ಲವಲ್ಲಯ್ಯ” ಎಂದರು ಕಂಟ್ರೋಲರು ಮೇಲಿನಿಂದ. “ಅನ್ನು.”

“ಸಾರ್, ನನಗೆ ಭಯ ಆಗುತ್ತೆ ಸಾರ್.”

“ಗೊತ್ತಯ್ಯ. ಅನ್ನು.”

ಅವನು ಆಮೆನ್ ಅಂದ. ಎಲ್ಲರೂ ಮೆಲ್ಲಗೆ ಏಳತೊಡಗಿದರು, ಸೀರೆಗಳ ಸದ್ದು, ಕುರ್ಚಿಗಳ ಸದ್ದು, ಇನ್ನೇನು ಈ ಕಡೆ ತಿರುಗುತ್ತಾರೆ. ನೆತ್ತಿಯ ಮೇಲಿನ ಕೈ ಮಾತ್ರ ಏಳಲಿಲ್ಲ. ಆಗ ಅವನಿಗೆ ಗೊತ್ತಾಯಿತು, ಆ ಕೈ ನಡುಗುತ್ತಿತ್ತು. ದನಿಯಲ್ಲಿ ಒಂದಿಷ್ಟೂ ಇಲ್ಲದ ನಡುಕವೆಲ್ಲ ಅಲ್ಲಿ ಬಂದು ಸೇರಿಕೊಂಡು, ಐದೂ ಬೆರಳು ಅವನ ಕೂದಲಿನಲ್ಲಿ ತಡೆಯಲಾರದೆ ಅದುರುತ್ತಿದ್ದವು, ತೆಗೆದರೆ ಕೋಣೆಗೆ ಕೋಣೆಯೇ ನೋಡಿಬಿಡುತ್ತದೆ. ಅವನು ತನ್ನ ಎರಡೂ ಕೈಗಳನ್ನು ಮೇಲೆತ್ತಿ ಆ ಕೈಯನ್ನು ತನ್ನ ತಲೆಗೆ ಬಲವಾಗಿ ಒತ್ತಿ ಹಿಡಿದುಕೊಂಡ.